ಬಿಸಿನೀರು ಕಂಡ ಹುರಿ

ಹುರಿಯಾಗುವ ಮೊದಲು ನಾನು ಒಂದು ಕುರಿಯ ಹಸಿವಾಗಿದ್ದೆ. ಆ ಕುರಿ ಮಸ್ಕಿಯ ಗುಡ್ಡದ ಬೆನ್ನಿನ ಮೇಲೆ ಮೇಯುತ್ತಿತ್ತೆಂದು ಕೇಳಿದ್ದೇನೆ, ಕಂಡದ್ದಿಲ್ಲ. ಹೊಟ್ಟೆಯೊಳಗಿದ್ದದ್ದಕ್ಕೆ ಗುಡ್ಡ ಕಾಣುವುದಿಲ್ಲ. ಆದ್ದರಿಂದ ಓದುವವರಲ್ಲಿ ಮೊದಲೇ ಒಂದು ಅರಿಕೆ. ನಾನು ಮೈಯಾರೆ ಉಂಡದ್ದನ್ನು ಉಂಡದ್ದೆಂದೂ, ಬೇರೆಯವರ ಬಾಯಿಂದ ಬಂದದ್ದನ್ನು ಕೇಳಿದ್ದೆಂದೂ ಬೇರೆಬೇರೆಯಾಗಿಯೇ ಹೇಳುತ್ತೇನೆ. ಎರಡನ್ನೂ ಕಲಸಿಬಿಟ್ಟರೆ ಕಥೆ ರುಚಿಯಾಗಬಹುದು. ಆದರೆ ನನ್ನ ಬಾಳಿನಲ್ಲಿ ಒಂದು ದಿನ ಅಂಥ ಕಲಬೆರಕೆಯಿಂದಲೇ ಒಬ್ಬ ಹೆಣ್ಣುಮಗಳ ಕೈಯಿಂದ ಕೆಲಸ ಜಾರಿಹೋಯಿತು.

ನನ್ನನ್ನು ಹುರಿ ಮಾಡಿದವಳು ರಂಜಾನಬಿ ಎಂಬ ಮುದುಕಿ. ಮುದಗಲ್ಲಿನ ಕೋಟೆಯ ಕಂದಕದ ದಂಡೆಯಲ್ಲಿ ಅವಳ ಗುಡಿಸಲಿತ್ತು. ಕಸಾಯಿಯವರ ಓಣಿಯಿಂದ ಬಂದ ಕರುಳನ್ನು ಅವಳು ಮಗುಚಿ ತೊಳೆದಳು, ಬೂದಿನೀರಿನಲ್ಲಿ ನೆನೆಸಿದಳು, ಬಿದಿರಿನ ಸೀಳಿನಿಂದ ಹೆರೆದು ಹೆರೆದು ಕೊಬ್ಬು ತೆಗೆದಳು. ಕೊನೆಗೆ ಉಳಿದದ್ದು ಈರುಳ್ಳಿ ಪೊರೆಯಂಥ ಒಂಬತ್ತು ಎಳೆ. ಒಂಬತ್ತನ್ನೂ ಸೇರಿಸಿ ಹೊಸೆದು, ಎರಡು ಬೇವಿನ ಗೂಟಗಳ ನಡುವೆ ನೆರಳಿನಲ್ಲಿ ಬಿಗಿದು ಕಟ್ಟಿದಳು. ಮೂರನೆಯ ದಿನ ಬೆರಳಿನಿಂದ ಮೀಟಿದಳು. ನಾನು ಮೊದಲ ಸಲ ಮಾತಾಡಿದೆ.

ನನ್ನ ಸ್ವಭಾವವನ್ನು ಅವಳು ಕೊಳ್ಳಲು ಬಂದವರಿಗೆ ಬಿಡಿಸಿ ಹೇಳುತ್ತಿದ್ದಳು. ನನ್ನನ್ನು ಎಳೆದರೆ ಮೊದಲ ಒಂದು ಬೆರಳಗಲ ನಾನು ಸೋತಂತೆ ಬರುತ್ತೇನೆ, ಮಗುವೂ ಎಳೆಯಬಹುದು. ಅದರಾಚೆ ಕೂದಲಷ್ಟೂ ಬಿಡುವುದಿಲ್ಲ, ಪೈಲವಾನನೂ ಎಳೆಯಲಾರ. ಮೊದಲು ಎಳೆಗಳ ಸುಕ್ಕು ಬಿಚ್ಚಿಕೊಳ್ಳುತ್ತದೆ, ಆಮೇಲೆ ಎಳೆಗಳೇ ಎದುರು ನಿಲ್ಲುತ್ತವೆ ಎಂದು ಅವಳು ವಿವರಿಸುತ್ತಿದ್ದಳು. ಮೆತ್ತಗಿರುವುದು ಎಲ್ಲಿ ಮುಗಿದು ಗಟ್ಟಿಯಾಗುವುದು ಎಲ್ಲಿ ಮೊದಲಾಗುತ್ತದೋ ಆ ಗೆರೆಯ ಮೇಲೆ ನನ್ನ ದನಿ ಇದೆ. ಆ ಗೆರೆಯನ್ನು ಕೈಯಿಂದ ಬಲ್ಲವನೇ ಪಿಂಜಾರ, ಬಿಲ್ಲಿನ ಹುರಿಯಿಂದ ಹತ್ತಿ ಹಿಂಜುವವನು.

ಇನ್ನೊಂದು ಸಂಗತಿಯನ್ನು ಅವಳು ಕಥೆಯಾಗಿ ಹೇಳಿದಳು. ಅವಳ ಬಾಯಲ್ಲಿ ಕೇಳಿದಂತೆಯೇ ಇಲ್ಲಿ ಒಪ್ಪಿಸುತ್ತೇನೆ.

ಒಂದೂರಿನಲ್ಲಿ ಒಬ್ಬ ಪಿಂಜಾರನಿದ್ದನಂತೆ. ಅವನಿಗೆ ಬಿಲ್ಲಿತ್ತು, ಹುರಿಯಿರಲಿಲ್ಲ. ಬಳ್ಳಿ ಕಟ್ಟಿ ನೋಡಿದ, ಹರಿಯಿತು. ನೂಲು ಕಟ್ಟಿ ನೋಡಿದ. ಹತ್ತಿಯ ಮಗಳಾದ ನೂಲು ತಾಯಿಯನ್ನು ಹೊಡೆಯಲು ಒಪ್ಪಲಿಲ್ಲ. ಆಗ ಒಂದು ಮುದಿ ಕುರಿ ಬಂದು, ನಾನು ಸತ್ತ ಮೇಲೆ ನನ್ನ ಕರುಳು ನಿನಗೆ, ಆದರೆ ಒಂದು ಮಾತು ಕೊಡು ಎಂದಿತು. ಬದುಕಿದ್ದಾಗ ಮಳೆಯಲ್ಲಿ ನಿಂತಿದ್ದೇನೆ, ಬಿಸಿಲಲ್ಲೂ ನಿಂತಿದ್ದೇನೆ. ಸತ್ತ ಮೇಲೆ ಎರಡನ್ನೂ ಒಟ್ಟಿಗೆ ನನಗೆ ಕೊಡಬೇಡ ಎಂದಿತು ಕುರಿ. ಪಿಂಜಾರ ಮಾತು ಕೊಟ್ಟ. ಬಿಲ್ಲು ಹಾಡಿತು, ಊರೆಲ್ಲ ಮೆತ್ತನೆಯ ಹಾಸಿಗೆಯಲ್ಲಿ ಮಲಗಿತು. ಒಂದು ಮಳೆಗಾಲ ಹುರಿ ತೊಯ್ದಿತು. ಅವಸರದಲ್ಲಿದ್ದ ಪಿಂಜಾರ ಅದನ್ನು ಒಲೆಯ ಮುಂದೆ ಹಿಡಿದ. ಹುರಿ ಮುದುರಿಕೊಂಡು ಗಂಟಾಗಿ ಕೆಳಗೆ ಬಿತ್ತು. ಅದರೊಳಗಿಂದ ಕುರಿಯ ದನಿ ಬಂತು, ಮಾತು ಮರೆತೆಯಲ್ಲ ಎಂದು.

ರಂಜಾನಬಿಯ ಕಥೆಯಲ್ಲಿ ಪಿಂಜಾರ ಅತ್ತು ಕಣ್ಣೊರೆಸಿಕೊಳ್ಳುತ್ತಾನೆ. ಮುಂದೆ ಪಿಂಜಾರ ಓಣಿಯಲ್ಲಿ ಇದೇ ಕಥೆಯನ್ನು ಬೇರೆ ಬಗೆಯಲ್ಲಿ ಕೇಳಿದೆ. ಅಲ್ಲಿ ಪಿಂಜಾರ ಅಳುವುದಿಲ್ಲ. ನನ್ನ ಹೆಂಡತಿ ಸುಟ್ಟಳೆಂದು ಊರವರಿಗೆ ಹೇಳುತ್ತಾನೆ, ಊರವರು ನಂಬುತ್ತಾರೆ. ಓಣಿಯ ಗಂಡಸರು ಈ ಜಾಗಕ್ಕೆ ಬಂದಾಗ ನಗುತ್ತಿದ್ದರು.

ಕಥೆ ಸುಳ್ಳಾಗಿರಬಹುದು, ಅದರೊಳಗಿನ ಎಚ್ಚರಿಕೆ ಸುಳ್ಳಲ್ಲ. ಒಣಗಿದ್ದಾಗ ವೈಶಾಖದ ಬಿಸಿಲೂ ನನ್ನನ್ನು ಏನೂ ಮಾಡದು. ತಣ್ಣೀರು ನನ್ನನ್ನು ಮೆತ್ತಗೆ ಮಾಡುತ್ತದೆ, ಆರಿದ ಮೇಲೆ ನಾನು ಮತ್ತೆ ನಾನೇ. ಆದರೆ ತೊಯ್ದ ಮೈಗೆ ಕಾವು ತಗುಲಿ, ಆ ಕಾವು ಒಂದು ಮಟ್ಟ ದಾಟಿದರೆ, ಸಾಲುಗಟ್ಟಿ ಮಲಗಿರುವ ನನ್ನ ಎಳೆಗಳು ಒಮ್ಮೆಲೇ ಸಾಲು ತಪ್ಪುತ್ತವೆ. ಬೆಣ್ಣೆ ತುಪ್ಪವಾದ ಹಾಗೆ ಅದು. ತುಪ್ಪ ಮತ್ತೆ ಬೆಣ್ಣೆಯಾಗುವುದಿಲ್ಲ.

ನನ್ನನ್ನು ಕೊಂಡವನು ಹೊನ್ನೂರಸಾಬ. ತೆಳ್ಳಗೆ, ಉದ್ದಕ್ಕೆ ಇದ್ದ. ಅವನ ರೆಪ್ಪೆಯ ಮೇಲೆ ಯಾವಾಗಲೂ ಹತ್ತಿಯ ಧೂಳು ಕೂತಿರುತ್ತಿತ್ತು. ಅವನ ತಂದೆಯ ಕಾಲದ ಬಿಲ್ಲಿಗೆ ಅವನು ನನ್ನನ್ನು ಕಟ್ಟಿದ. ಅಂದಿನಿಂದ ಹತ್ತೊಂಬತ್ತು ವರ್ಷ ನಾನು ಅವನ ಹೆಗಲಿನ ಮಟ್ಟದಿಂದ ಲೋಕವನ್ನು ನೋಡಿದೆ. ಬೆಳಗ್ಗೆ ಅವನು ಓಣಿ ಓಣಿ ನಡೆಯುತ್ತ ನನ್ನನ್ನು ಮೀಟುತ್ತಿದ್ದ. ಟಂಯ್ ಎಂಬ ಸದ್ದು ಕೇಳಿದರೆ ಹೆಂಗಸರು ಹೆಂಟೆಗಟ್ಟಿದ ಗಾದಿಗಳನ್ನು ಅಂಗಳಕ್ಕೆ ಎಳೆದು ತರುತ್ತಿದ್ದರು. ಅವನು ಹೊಲಿಗೆ ಬಿಚ್ಚಿ ಹತ್ತಿ ಸುರಿದು, ನನ್ನನ್ನು ಅದರ ಮೇಲೆ ತಾಗಿಸಿ ಹಿಡಿದು ಕೊಡತಿಯಿಂದ ಹೊಡೆಯುತ್ತಿದ್ದ. ನಾನು ನಡುಗುತ್ತಿದ್ದೆ, ಹತ್ತಿ ಹಾರುತ್ತಿತ್ತು. ಹತ್ತು ವರ್ಷ ಜನರ ಭಾರಕ್ಕೆ ಕಲ್ಲಾಗಿದ್ದ ಹತ್ತಿ ಅರ್ಧ ದಿನದಲ್ಲಿ ನೊರೆಯಾಗಿ ಏಳುತ್ತಿತ್ತು.

ಕೆಲಸ ಮಾಡುವಾಗ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ಒಬ್ಬ ಶಾನುಭೋಗರ ಮನೆಯ ಗಾದಿ ಬಿಚ್ಚಿ, ಬಾಗಿಲಲ್ಲಿ ನಿಂತ ಯಜಮಾನಿಗೆ ಹೇಳಿದ: “ಇದರಾಗ ಹತ್ತಿಗಿಂತ ನಿಮ್ಮ ಯಜಮಾನ್ರ ನಿದ್ದಿನಾ ಜಾಸ್ತಿ ತುಂಬೇತಿ ನೋಡ್ರಿ, ಬಾಯಾರ. ನಿದ್ದಿ ನಿಮಗ ಬಿಟ್ಟು ಹತ್ತಿ ಅಷ್ಟಾ ಹಿಂಜತೀನಿ.” ಆ ಮನೆಯೊಳಗಿಂದ ನಗೆ ಕೇಳಿಬಂತು. ನಕ್ಕವರು ಯಜಮಾನರೇ ಇರಬೇಕು.

ಹೊನ್ನೂರಸಾಬನ ಹೆಂಡತಿ ಬೇಗ ತೀರಿಕೊಂಡಿದ್ದಳು. ಮಗಳು ಒಬ್ಬಳೇ, ದಾದಮ್ಮ. ತಾಯಿ ಹೋದಾಗ ಅವಳಿಗೆ ಎಂಟು ವರ್ಷ. ಆಮೇಲೆ ಅವಳು ಬೆಳೆದದ್ದು ನನ್ನ ದನಿಯ ಪಕ್ಕದಲ್ಲಿ. ಒಳಗೆ ರೊಟ್ಟಿ ಬಡಿಯುತ್ತಲೇ, “ಯಪ್ಪಾ, ನರ ಇವತ್ತು ತಂಪು ಕುಡದೈತಿ, ಬಿಗೀಬ್ಯಾಡ,” ಎಂದು ಕೂಗಿ ಹೇಳುತ್ತಿದ್ದಳು. ಓಣಿಯವರು ನನ್ನನ್ನು ನರ ಎಂದೇ ಕರೆಯುತ್ತಿದ್ದರು. ಅವಳು ಹೇಳಿದ್ದು ಒಮ್ಮೆಯೂ ತಪ್ಪಲಿಲ್ಲ. ಇದು ಕೇಳಿದ್ದಲ್ಲ, ನನ್ನ ಮೈಯೇ ಸಾಕ್ಷಿ. ಇಪ್ಪತ್ತೆರಡು ತುಂಬುವ ಹೊತ್ತಿಗೆ ಮನೆಯ ಪಡಸಾಲೆಯಲ್ಲಿ ಅವಳೇ ಹಿಂಜತೊಡಗಿದ್ದಳು. ಅವಳ ಹೊಡೆತ ತಂದೆಯದಕ್ಕಿಂತ ಹಗುರ, ಗೆರೆಯ ಮೇಲೆಯೇ ಬೀಳುತ್ತಿತ್ತು. ನಾನು ಅವಳ ಕೈಯಲ್ಲಿ ಹೆಚ್ಚು ಸ್ಪಷ್ಟವಾಗಿ ಮಾತಾಡಿದೆನೆಂದು ಹೇಳಿದರೆ ಹೊನ್ನೂರಸಾಬನಿಗೆ ದ್ರೋಹವಾಗದು. ಅವನೇ ಅದನ್ನು ಹೇಳುತ್ತಿದ್ದ.

ಬಿಲ್ಲು ಮುಂದೆ ಯಾರದು ಎಂಬ ಪ್ರಶ್ನೆ ಆ ವರ್ಷ ಎದ್ದಿತು. ಹೊನ್ನೂರಸಾಬನ ತಮ್ಮ ಮೌಲಾಸಾಬ ಎರಡು ಮನೆ ಆಚೆ ಇದ್ದ. ಅಪ್ಪನ ಬಿಲ್ಲು ಗಂಡುಸಂತಾನವಿರುವ ಮನೆಗೆ ಬರಬೇಕೆಂಬುದು ಅವನ ವಾದ. ಒಂದು ಸಂಜೆ ಕಟ್ಟೆಯ ಮೇಲೆ ಕೂತು ಅಣ್ಣನನ್ನು ಕೆಣಕಿದ: “ಹೆಣ್ಮಗಳು ಹೆಗಲ ಮ್ಯಾಲ ಕಮಾನು ಹೊತ್ಗೊಂಡು ಓಣಿ ಓಣಿ ಟಂಯ್ ಅನಿಸಿಗೋತ ಹೊಂಟ್ರ ಮಂದಿ ನಮಗ ಗಾದಿ ಕೊಡ್ತಾರೋ ಅಣ್ಣಾ, ನಗಿ ಕೊಡ್ತಾರೋ?”

“ಹೊಡ್ಯಾಕಿ ಹೆಣ್ಣೋ ಗಂಡೋ ಅಂತ ಹತ್ತಿ ಕೇಳೂದಿಲ್ಲೋ ಮೌಲಾ,” ಎಂದ ಹೊನ್ನೂರಸಾಬ. “ನೀ ಹೊಡದ್ರ ಮಾತ್ರ ಕೇಳ್ತೈತಿ, ಇಂವ ಯಾಂವ ಅಂತ.”

ತಮಾಷೆಯಲ್ಲಿ ಮುಗಿಯುವ ಮಾತಾಗಿರಲಿಲ್ಲ ಅದು. ಓಣಿಯಲ್ಲಿ ಒಂದು ಪದ್ಧತಿಯಿತ್ತು. ಬಿಲ್ಲು ಕೈ ಬದಲಾಗುವ ದಿನ ಮೂವರು ಹಿರಿಯರು ಬಂದು ಕೂರಬೇಕು. ಹುರಿಯನ್ನು ಬಿಚ್ಚಿ, ಹಳೆಯ ಕೈ ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಬೇಕು. ಹೊಸ ಕೈ ಅದನ್ನು ಕಟ್ಟಬೇಕು. ನೆನೆಯದ ಹುರಿ ಗಂಟಿನಲ್ಲಿ ಸೀಳುತ್ತದೆ, ಅದಕ್ಕೆ ನೀರು. ಆರಿದ ಮೇಲೆ ಹೊಸ ಕೈ ಒಂದು ದಿಂಬಿನಷ್ಟು ಹತ್ತಿ ಹಿಂಜಿ ತೋರಿಸಬೇಕು. ಹುರಿ ಹಾಡಿದರೆ ಬಿಲ್ಲು ಅವರದು, ಆಮೇಲೆ ತಕರಾರಿಲ್ಲ. ಹೊಸ ಕೈಯ ತಪ್ಪಿನಿಂದ ಹುರಿ ಕೆಟ್ಟರೆ ಬಿಲ್ಲು ಹತ್ತಿರದ ಗಂಡು ವಾರಸುದಾರನಿಗೆ; ಹಳೆಯ ಕೈಯ ತಪ್ಪಾದರೆ ಹೊಸ ಹುರಿ, ಇನ್ನೊಂದು ದಿನ. ಬಿಲ್ಲನ್ನು ದಾದಮ್ಮನ ಕೈಗೆ ಕೊಡಲು ಶುಕ್ರವಾರ ನಮಾಜಿನ ನಂತರದ ಹೊತ್ತು ನಿಗದಿಯಾಯಿತು. ಅವಳ ಮುಂದಿನ ಬಾಳು ಆ ಹೊತ್ತಿಗೆ ಕಟ್ಟಿಕೊಂಡಿತು.

ಇಲ್ಲಿ ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು. ಅದಕ್ಕೂ ಎರಡು ವರ್ಷ ಮೊದಲಿನಿಂದ ಹೊನ್ನೂರಸಾಬನ ಕೈ ಬದಲಾಗುತ್ತಿತ್ತು. ಇದನ್ನು ಯಾರೂ ನನಗೆ ಹೇಳಲಿಲ್ಲ, ನಾನೇ ಬಲ್ಲೆ. ಅವನು ನನ್ನನ್ನು ಬಿಗಿಯುವಾಗ ಗೆರೆ ದಾಟಿ ಬಿಗಿಯುತ್ತಿದ್ದ, ದನಿ ಕೇಳಿದ ಮೇಲೆ ಸಡಿಲಿಸುತ್ತಿದ್ದ. ಬೆರಳು ಬಲ್ಲದ್ದನ್ನು ಕಿವಿ ತಿದ್ದುವಂತಾಗಿತ್ತು. ಒಂದು ದಿನ ನನ್ನ ಮೈ ಅವನ ತೋರುಬೆರಳನ್ನು ಕೊಯ್ದಿತು. ಬಿಳಿ ಹತ್ತಿಯ ಮೇಲೆ ಕೆಂಪು ಹನಿ ಬೀಳುವವರೆಗೆ ಅವನು ಯಜಮಾನಿಯೊಂದಿಗೆ ನಗೆಮಾತು ಆಡುತ್ತಲೇ ಇದ್ದ. ಹನಿ ಕಂಡು ಬೆರಳನ್ನು ನೋಡಿದ, ಮಾತು ನಿಂತಿತು. ಆ ಹತ್ತಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಮೊಣಕೈ ಕೆಳಗೆ ಒಂದು ಮಂಕು ಮಚ್ಚೆ ಇತ್ತು. ಅಂದಿನಿಂದ ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟ.

ಅವನ ಭಯವೇನೆಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಕೆರೆಯಾಚೆ ಒಂದು ಒಂಟಿ ಗುಡಿಸಲಿತ್ತು. ಅದರಲ್ಲಿ ಹಿಂದೆ ನಮ್ಮ ಓಣಿಯವನೇ ಆಗಿದ್ದ ಒಬ್ಬ ಮನುಷ್ಯನಿದ್ದ. ಅವನ ಬೆರಳು ಮಡಚಿಕೊಂಡಿದ್ದವು, ಅವನ ಬಟ್ಟೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಆ ದಾರಿಯಲ್ಲಿ ಹೋಗುವಾಗ ಹೊನ್ನೂರಸಾಬ ನನ್ನನ್ನು ಮೀಟುವುದನ್ನು ನಿಲ್ಲಿಸುತ್ತಿದ್ದ. ಜನ ಮೈಚೆಲ್ಲಿ ಮಲಗುವ ಹಾಸಿಗೆಗೆ ಇಳಿಯುವ ಕೈ ಅವನದು. ಆ ಕೈಯ ಬಗ್ಗೆ ಒಂದು ಅನುಮಾನ ಹುಟ್ಟಿದರೆ ಅವನಿಗಷ್ಟೇ ಅಲ್ಲ, ಅವನ ಮನೆಯಿಂದ ಹೊರಡುವ ಯಾವ ಬಿಲ್ಲಿಗೂ ಅಂಗಳ ಸಿಗುತ್ತಿರಲಿಲ್ಲ.

ಶುಕ್ರವಾರ ಬಂತು. ಹಿರಿಯರಿನ್ನೂ ಮಸೀದಿಯಿಂದ ಬರಬೇಕಿತ್ತು. ಪಡಸಾಲೆಯಲ್ಲಿ ತಂದೆ ಮಗಳು ಇಬ್ಬರೇ. ಅವರು ಬರುವಷ್ಟರಲ್ಲಿ ಹುರಿ ನೆನೆದಿರಲಿ ಎಂದು ಹೊನ್ನೂರಸಾಬ ನನ್ನನ್ನು ಬಿಲ್ಲಿನಿಂದ ಬಿಚ್ಚಿ ಸುರುಳಿ ಸುತ್ತಿದ. ದಾದಮ್ಮ ಬೋಗುಣಿಯಲ್ಲಿ ನೀರು ತಂದಳು. ತರುವ ಮೊದಲು ಮೊಣಕೈ ಅದ್ದಿ ನೋಡಿದ್ದಳು. ಅವನು ನನ್ನನ್ನು ಹಿಡಿದು ಕೈಯನ್ನು ನೀರಿಗೆ ಇಳಿಸಿದ. ನೀರು ಹಿತವಾಗಿತ್ತು, ನನ್ನ ಸುಕ್ಕುಗಳು ಬಿಚ್ಚತೊಡಗಿದವು.

“ತಣ್ಣಗೈತಲ್ಲ ಇದು. ಬಿಸಿ ಹಾಕು,” ಎಂದ.

“ಸಾಕೈತಿ ಯಪ್ಪಾ. ನಾ ನೋಡೀನಿ.”

“ಹಾಕಂದ್ರ ಹಾಕು. ನಲವತ್ತು ವರ್ಷದ ಕೈ ಇದು. ನನಗ ನೀರಿನ ಕಾವು ಕಲಿಸ್ತಿಯೇನು?”

ಅವಳು ಒಲೆಯ ಮೇಲಿನ ತಪೇಲಿ ತಂದು ಒಂದು ಧಾರೆ ಹಾಕಿದಳು. ಅವನು ಇನ್ನೂ ಎಂದ. ಎರಡನೆಯ ಧಾರೆ ಹಾಕಿದಳು. ಅವನು ಮತ್ತೆ ಇನ್ನೂ ಎಂದ. ಈ ಹಟ ಏತಕ್ಕೆಂದು ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಮಗಳ ಮುಂದೆ, ಅದೂ ಆ ದಿನ, ತನ್ನ ಕೈಗೆ ಏನೂ ಆಗಿಲ್ಲವೆಂದು ತಾನೇ ನಂಬಬೇಕಾಗಿತ್ತು ಅವನಿಗೆ. ಬೆಚ್ಚಗೆನಿಸುವ ತನಕ ಹಾಕಿಸಿಕೊಂಡರೆ ಬೆಚ್ಚಗೆನಿಸುತ್ತದೆ ಎಂದುಕೊಂಡಿದ್ದನೋ ಏನೋ. ಮೂರನೆಯ ಧಾರೆಗೆ ನೀರು ಆ ಮಟ್ಟ ದಾಟಿತು.

ಅದು ಹೇಗಾಯಿತೆಂದರೆ, ಮೊದಲು ಏನೂ ಆಗಲಿಲ್ಲ. ಮೂರು ಉಸಿರಿನಷ್ಟು ಹೊತ್ತು ನಾನು ಹಾಗೆಯೇ ಇದ್ದೆ. ಆಮೇಲೆ ನನ್ನ ಒಂಬತ್ತು ಎಳೆಗಳಲ್ಲಿ ಎಲ್ಲೋ ಒಂದು ಕಡೆ ಸಾಲು ಮುರಿಯಿತು, ಮುರಿದದ್ದು ಪಕ್ಕದ್ದನ್ನು ಎಳೆಯಿತು, ಒಂದೇ ಸೆಳೆತದಲ್ಲಿ ನಾನು ನನ್ನೊಳಕ್ಕೆ ನಾನೇ ಓಡಿದೆ. ಏಳು ಮೊಳವಿದ್ದ ನಾನು ಎರಡು ಮೊಳಕ್ಕೆ ಬಂದೆ. ಹಾಗೆ ಸೆಳೆಯುವಾಗ ನನ್ನಲ್ಲಿ ಎಂದೂ ಇಲ್ಲದ ಬಲವಿತ್ತು. ಸುರುಳಿಯೊಳಗಿದ್ದ ಅವನ ಎರಡು ಬೆರಳಿಗೆ ಉರುಳಾಗಿ ಬಿಗಿದೆ. ಅವನ ಕೈ ಆ ನೀರಿನಲ್ಲಿ ನನ್ನ ಜೊತೆಗೇ ಇತ್ತು. ನಾನು ಒದ್ದಾಡಿದೆ, ಕೈ ಸುಮ್ಮನಿತ್ತು.

ದಾದಮ್ಮ ನೋಡಿದ್ದು ನನ್ನನ್ನಲ್ಲ, ಆ ಕೈಯನ್ನು. ನೀರಿನಿಂದ ಹಬೆ ಏಳುತ್ತಿತ್ತು. ಕೈ ಹಿಂದಕ್ಕೆ ಬರಲಿಲ್ಲ. ಅವಳು ತಪೇಲಿ ಹಿಡಿದೇ ನಿಂತಳು.

“ಯಪ್ಪಾ, ಕೈ ತೆಗಿ,” ಎಂದಳು. ಗಟ್ಟಿಯಾಗಿ ಅನ್ನಲಿಲ್ಲ. ಅವನು ಅವಳ ಮುಖ ನೋಡಿದ, ಆಮೇಲೆ ನೀರು ನೋಡಿದ, ಆಮೇಲೆ ಬೆರಳುಗಳಿಂದ ನನ್ನನ್ನು ಜಾರಿಸಿ ಕೈ ತೆಗೆದ.

ಅದೇ ಹೊತ್ತಿಗೆ ಮೌಲಾಸಾಬ ಹಿರಿಯರನ್ನು ಕರೆದುಕೊಂಡು ಒಳಗೆ ಬಂದ. ಅವರು ಕಂಡದ್ದು ಇಷ್ಟು: ಬೋಗುಣಿಯಲ್ಲಿ ಎರೆಹುಳುವಿನಂತೆ ಮುದುರಿದ ಹುರಿ, ಮಗಳ ಕೈಯಲ್ಲಿ ಹಬೆಯಾಡುವ ತಪೇಲಿ. ತಂದೆಯ ಬಲಗೈ ಅಷ್ಟರಲ್ಲಿ ಹೆಗಲ ವಸ್ತ್ರದ ಅಡಿಗೆ ಹೋಗಿತ್ತು.

ಮೌಲಾಸಾಬ ಕೂಗಾಡಲಿಲ್ಲ. ಸೋತವರ ಮನೆಗೆ ಬಂದವನಂತೆ ಮೆತ್ತಗೆ ಹೇಳಿದ: “ಕಟ್ಟಾಕ ಕೊಡೂಕಿಂತ ಮೊದಲಾ ಕುದಿಸಿಬಿಟ್ಟಾಳಲ್ಲ. ಹೆಣ್ಮಕ್ಕಳಿಗೆ ನರಾನೂ ಒಂದಾ, ಶ್ಯಾವಿಗಿನೂ ಒಂದಾ.”

ಒಬ್ಬ ಹಿರಿಯರು, ಹಳೆಯ ಕೈ ಅಲ್ಲವೇ ನೆನೆಸುವುದು, ನೀರು ಯಾರು ನೋಡಿದ್ದು ಎಂದು ಹೊನ್ನೂರಸಾಬನನ್ನೇ ಕೇಳಿದರು. ಪದ್ಧತಿಯ ಪ್ರಕಾರ ಕೇಳಬೇಕಾದ ಪ್ರಶ್ನೆ ಅದೇ. ಒಂದೇ ಮಾತು ಸಾಕಿತ್ತು. ನಾನು ಹಾಕಿಸಿದೆ ಎಂದಿದ್ದರೆ ಮಗಳಿಗೆ ಹೊಸ ಹುರಿಯೂ ಇನ್ನೊಂದು ಶುಕ್ರವಾರವೂ ಸಿಗುತ್ತಿದ್ದವು. ಆದರೆ ಆ ಮಾತಿನ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತಿತ್ತು: ಅಷ್ಟು ಬಿಸಿ ನಿನಗೆ ಗೊತ್ತಾಗಲಿಲ್ಲವೇ? ಅವನು ತಲೆ ತಗ್ಗಿಸಿ ಕೂತ.

“ನಾ ನೋಡಿದ್ದು,” ಎಂದಳು ದಾದಮ್ಮ. “ಕಾವು ತಿಳೀಲಿಲ್ಲ ನನಗ.”

ಓಣಿಯ ಕಥೆಗೆ ಬೇಕಾದ ಹೆಂಡತಿಯ ಜಾಗದಲ್ಲಿ ಮಗಳು ಬಂದು ಕೂತಂತಾಯಿತು. ಈ ಸಲ ಆರೋಪ ಹೊರಿಸುವ ಕೆಲಸವೂ ಪಿಂಜಾರನಿಗೆ ಉಳಿಯಲಿಲ್ಲ, ಅವಳೇ ಹೊತ್ತುಕೊಂಡಳು. ಬಿಲ್ಲು ಆ ಸಂಜೆಯೇ ಎರಡು ಮನೆ ಆಚೆ ಹೋಯಿತು.

ದೀಪ ಹಚ್ಚುವ ಹೊತ್ತಿಗೆ ಹೊನ್ನೂರಸಾಬನ ಬೆರಳುಗಳ ಮೇಲೆ ಬೊಬ್ಬೆ ಎದ್ದಿದ್ದವು. ದಾದಮ್ಮ ಬೆಣ್ಣೆ ತಂದು ಸವರಿದಳು. ಉಜ್ಜಿದರೂ ಅವನು ಮುಖ ಕಿವುಚಲಿಲ್ಲ. ಕಿವುಚಿದಂತೆ ನಟಿಸಬಹುದಿತ್ತು, ಅದೂ ಅವನಿಂದಾಗಲಿಲ್ಲ.

“ಯಾವಾಗಿಂದ ಯಪ್ಪಾ?” ಎಂದಳು.

ಅವನು ಗೋಡೆಯ ಕಡೆ ತಿರುಗಿದ. “ಯಾರಿಗೂ ಹೇಳಬ್ಯಾಡವ್ವ,” ಎಂದ. ಅವಳು ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಾಗುತ್ತಿತ್ತೆಂಬುದು ಅವರಿಬ್ಬರಿಗೂ ಆರು ವರ್ಷದ ಮೇಲೆ ತಿಳಿಯಿತು.

ನನ್ನನ್ನು ಕಸಕ್ಕೆ ಹಾಕಬೇಕಿತ್ತು. ದಾದಮ್ಮ ಹಾಕಲಿಲ್ಲ. ನೀರಿನಿಂದ ತೆಗೆದಾಗ ನಾನು ಬೇರೆಯೇ ಜೀವವಾಗಿದ್ದೆ. ಎಳೆದರೆ ಬರುತ್ತಿದ್ದೆ, ಇನ್ನೂ ಎಳೆದರೆ ಇನ್ನೂ ಬರುತ್ತಿದ್ದೆ. ಎದುರು ನಿಲ್ಲುವ ಗೆರೆಯೇ ನನ್ನಲ್ಲಿ ಉಳಿದಿರಲಿಲ್ಲ. ಬಿಟ್ಟರೆ ಸುಮ್ಮನೆ ಹಿಂದಕ್ಕೆ ಸರಿಯುತ್ತಿದ್ದೆ. ಒಣಗಿದ ಮೇಲೆ ಕೊಂಬಿನಂತೆ ಸೆಟೆದೆ, ಅರೆಪಾರದರ್ಶಕವಾದೆ. ಅವಳು ನನ್ನನ್ನು ಪಡಸಾಲೆಯ ಗೋಡೆಗೂಡಿನಲ್ಲಿ, ಚಿಮಣಿ ದೀಪದ ಪಕ್ಕ ಇಟ್ಟಳು. ಅಂದಿನಿಂದ ನಾನು ಲೋಕವನ್ನು ನೋಡುತ್ತಿರುವುದು ಆ ಗೂಡಿನಿಂದ.

ಕೇಳಿದ್ದನ್ನು ಹೇಳುತ್ತೇನೆ. ಮೌಲಾಸಾಬ ಬಿಲ್ಲಿಗೆ ಉಕ್ಕಿನ ತಂತಿ ಕಟ್ಟಿದ. ಅದು ಹತ್ತಿಯನ್ನು ಕಡಿಯಿತು. ನಾಲ್ಕು ವರ್ಷದಲ್ಲಿ ಬಸ್ ನಿಲ್ದಾಣದ ಹಿಂದೆ ಹಿಂಜುವ ಮಷಿನ್ ಹಾಕಿಸಿದ. ದಾದಮ್ಮ ಮನೆಮನೆಗೆ ಹೋಗಿ, ಮಷಿನ್ ಹಿಂಜಿದ ಹತ್ತಿಯನ್ನು ಚೀಲಕ್ಕೆ ತುಂಬಿ ಗಾದಿ ಹೊಲಿಯುವ ಕೆಲಸ ಹಿಡಿದಳು. ಅದು ಹೆಂಗಸರ ಕೆಲಸವೆಂದು ಓಣಿ ಒಪ್ಪಿತ್ತು. ಎರಡು ಕಡೆಯಿಂದ ಸಂಬಂಧ ಬಂದವು, ಅವಳು ಒಪ್ಪಲಿಲ್ಲ. ನರ ಕುದಿಸಿದವಳು ಎಂಬ ಹೆಸರು ಅವಳ ಹಿಂದೆಯೇ ನಡೆಯುತ್ತಿತ್ತು. ಅಡಿಗೆಗೆ ಉಪ್ಪು ಹೆಚ್ಚಾದರೂ ಹೆಂಗಸರು ಅವಳ ಹೆಸರು ಹೇಳಿ ನಗುತ್ತಿದ್ದರಂತೆ.

ಕಂಡದ್ದನ್ನು ಹೇಳುತ್ತೇನೆ. ಆರನೆಯ ವರ್ಷ ಒಬ್ಬ ಆರೋಗ್ಯ ಕಾರ್ಯಕರ್ತೆ ಬಿಳಿ ಸೀರೆಯುಟ್ಟು ಮನೆಮನೆ ತಪಾಸಣೆಗೆ ಬಂದಳು. ಅಷ್ಟರಲ್ಲಿ ಹೊನ್ನೂರಸಾಬನ ಕಿರುಬೆರಳು ಮತ್ತು ಉಂಗುರದ ಬೆರಳು ಮಡಚಿಕೊಂಡಿದ್ದವು. ಅವಳು ಅವನನ್ನು ಬೆಳಕಿಗೆ ಕೂರಿಸಿ, ಕಣ್ಣು ಮುಚ್ಚಿಸಿ, ಚೀಲದಿಂದ ಒಂದು ಚೂರು ಹತ್ತಿ ತೆಗೆದು ತುದಿಯನ್ನು ಹೊಸೆದಳು. ಹತ್ತಿ ಎಲ್ಲಿ ಮುಟ್ಟಿತೋ ಅಲ್ಲಿ ಬೆರಳಿಟ್ಟು ತೋರಿಸಿ, ಅಜ್ಜಾ, ಎಂದಳು. ಹಣೆಗೆ ಮುಟ್ಟಿಸಿದಾಗ ತೋರಿಸಿದ. ಕೆನ್ನೆಗೆ ಮುಟ್ಟಿಸಿದಾಗ ತೋರಿಸಿದ. ಅಂಗೈಗೆ ಮುಟ್ಟಿಸಿದಳು, ಬೆರಳ ತುದಿಗೆ ಮುಟ್ಟಿಸಿದಳು, ಮಚ್ಚೆಯ ಮೇಲೆ ಎಳೆದಳು. ಅವನು ಕಣ್ಣು ಮುಚ್ಚಿ ಕಾಯುತ್ತಲೇ ಇದ್ದ.

“ಮುಟ್ಸಿದ್ರೇನವ್ವ?” ಎಂದು ಕೇಳಿದ.

ನಲವತ್ತು ವರ್ಷ ಹತ್ತಿಯಲ್ಲಿ ಬಾಳಿದವನು. ದಾದಮ್ಮ ಒಳಗೆ ಎದ್ದುಹೋದಳು.

ಆ ಹೆಣ್ಣುಮಗಳು ತಿಳಿಯ ಹೇಳಿದಳು: ಇದು ಕುಷ್ಠ, ಶಾಪವಲ್ಲ, ಕಾಯಿಲೆ. ಗುಳಿಗೆಯಿಂದ ವಾಸಿಯಾಗುತ್ತದೆ, ಗುಳಿಗೆ ಶುರುವಾದ ಮೇಲೆ ಯಾರಿಗೂ ಹರಡದು. ಹೋದ ಸ್ಪರ್ಶ ಮಾತ್ರ ಮರಳುವುದು ಕಷ್ಟ. ಮೊದಲೇ ತೋರಿಸಿದ್ದರೆ ಬೆರಳೂ ಉಳಿಯುತ್ತಿತ್ತು ಎಂದಳು. ದಿನಾ ಸಂಜೆ ಕೈಕಾಲು ನೀರಿನಲ್ಲಿ ನೆನೆಸಿ ಎಣ್ಣೆ ಹಚ್ಚಬೇಕು. ನೀರಿನ ಕಾವನ್ನು ಅವರು ನೋಡಬಾರದು, ಬೇರೆಯವರು ಮೊಣಕೈ ಅದ್ದಿ ನೋಡಬೇಕು ಎಂದು ದಾದಮ್ಮನಿಗೆ ಕಲಿಸಿದಳು. ದಾದಮ್ಮ ಹೂಂ ಎಂದಳು. ಅವಳಿಗೆ ಅದು ಹೊಸ ಪಾಠವಾಗಿರಲಿಲ್ಲ.

ರೋಗ ವಾಸಿಯಾಯಿತು. ಯಾರೂ ಅವನನ್ನು ಕೆರೆಯಾಚೆಗೆ ಕಳಿಸಲಿಲ್ಲ. ಒಂದೆರಡು ತಿಂಗಳು ಜನ ಕಟ್ಟೆಯ ಮೇಲೆ ಸ್ವಲ್ಪ ದೂರ ಸರಿದು ಕೂತರು, ಆಮೇಲೆ ಮರೆತರು. ಅವನು ಅಷ್ಟು ವರ್ಷ ಹೆದರಿದ್ದ ಸಂಗತಿ ಬಂದು, ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು, ಹೊರಟುಹೋಯಿತು. ಅದಕ್ಕಾಗಿ ಮಗಳು ತೆತ್ತದ್ದು ಮಾತ್ರ ಮರಳಲಿಲ್ಲ.

ಈಗ ಹೇಳುವುದು ಹೋದ ಶ್ರಾವಣದ ಮಾತು. ಮೌಲಾಸಾಬನೂ ಮುದುಕನಾಗಿದ್ದಾನೆ. ಅಣ್ಣನ ಮನೆಯ ಪಡಸಾಲೆಗೆ ಬಂದು ಚಹಾ ಕುಡಿಯುತ್ತಿದ್ದ. ಓಣಿಯ ಮೂರು ನಾಲ್ಕು ಮಕ್ಕಳು ಮಳೆಗೆ ಹೆದರಿ ಒಳಬಂದವು. ಕುರಿಯ ಕಥೆ ಹೇಳಜ್ಜ ಎಂದು ಹಟ ಹಿಡಿದವು. ಹೊನ್ನೂರಸಾಬ ಈ ಕಥೆಯನ್ನು ಹಿಂದೆಲ್ಲ ಹೇಳುತ್ತಿದ್ದ ಬಗೆ ನನಗೆ ಗೊತ್ತು. ಬಿಲ್ಲು ಹಾಡಿತು, ಊರು ಮಲಗಿತು ಎಂಬಲ್ಲಿಗೆ ನಿಲ್ಲಿಸಿ ಏಳುತ್ತಿದ್ದ. ಹುರಿ ಸುಡುವ ಜಾಗವನ್ನು ಎಂದೂ ಮುಟ್ಟಿದವನಲ್ಲ. ಅಂದು ಮುಟ್ಟಿದ. ಹುರಿ ತೊಯ್ದದ್ದನ್ನು ಹೇಳಿದ, ಕಾವಿಗೆ ಹಿಡಿದದ್ದನ್ನು ಹೇಳಿದ.

ಒಂದು ಮಗು, ಹೆಂಡ್ತಿ ಸುಟ್ಲು ಅಲ್ಲಜ್ಜ ಎಂದಿತು. ಅದರ ಮನೆಯಲ್ಲಿ ಹಾಗೆ ಹೇಳುತ್ತಿದ್ದರು.

“ಇಲ್ಲೋ. ಪಿಂಜಾರನ ಕೈಗೆ ಕಾವು ತಿಳೀತಿರಲಿಲ್ಲ,” ಎಂದ ಹೊನ್ನೂರಸಾಬ. “ಮನಿಯಾಕಿ ಸಾಕು ಅಂದ್ಲು. ಇಂವ ಇನ್ನಾ ಹಾಕು ಅಂದ. ಆಮ್ಯಾಲ ಮಂದಿ ಕೇಳಿದ್ರ ಸುಮ್ಮನ ಕುಂತ.” ಮಕ್ಕಳನ್ನು ಬಿಟ್ಟು ತಮ್ಮನ ಕಡೆ ನೋಡಿದ. “ಆ ಪಿಂಜಾರ ನಾನಾ, ಮೌಲಾ. ದಾದಮ್ಮ ಕುದಿಸಲಿಲ್ಲ.”

ಒಳಬಾಗಿಲಿನಲ್ಲಿ ದಾದಮ್ಮ ಬೋಗುಣಿ ಹಿಡಿದು ನಿಂತಿದ್ದಳು; ಸಂಜೆಯ ನೀರಿನ ಹೊತ್ತಾಗಿತ್ತು. ಮೌಲಾಸಾಬ ಬಟ್ಟಲನ್ನು ಕೆಳಗಿಟ್ಟ. ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ, ದಣಿವಿತ್ತು.

“ಈಗ ಹೇಳಿ ಏನ್ ಮಾಡೂದು ಅಣ್ಣಾ,” ಎಂದ. “ಆ ಕಮಾನಿನ ಮ್ಯಾಲ ನಮ್ಮ ಮನ್ಯಾಗ ಅರಿವಿ ಒಣಾ ಹಾಕ್ತಾರ.”

ಅವನು ಹೋದ ಮೇಲೆ ಮಕ್ಕಳೂ ಹೋದವು. ದಾದಮ್ಮ ಬೋಗುಣಿಯನ್ನು ತಂದೆಯ ಮುಂದಿಟ್ಟು ಕೂತಳು. ಅವಳ ತಲೆಯಲ್ಲಿ ಬಿಳಿ ಕೂದಲು ಕಾಣುತ್ತವೆ. ಮೊದಮೊದಲು ನಾನು ಅದನ್ನು ಹತ್ತಿಯ ಧೂಳೆಂದುಕೊಂಡಿದ್ದೆ. ಅವನು ಉತ್ತರಕ್ಕೆ ಕಾಯುವವನಂತೆ ಅವಳ ಮುಖವನ್ನೇ ನೋಡಿದ, ಆಮೇಲೆ ನೋಡುವುದನ್ನು ಬಿಟ್ಟ. ಅವಳು ಕೈ ಚಾಚಿ ಗೂಡಿನಿಂದ ನನ್ನನ್ನು ತೆಗೆದಳು. ಶ್ರಾವಣದ ತೇವಕ್ಕೆ ನಾನು ಕೊಂಚ ಮೆತ್ತಗಾಗಿದ್ದೆ. ಎರಡು ತುದಿ ಹಿಡಿದು ಕಿವಿಯ ಹತ್ತಿರ ತಂದು ಎಳೆದಳು, ಒಂದು ಬೆರಳಿನಿಂದ ಮೀಟಿದಳು. ನಾನು ಬಂದೆ, ಬಿಟ್ಟಾಗ ಸರಿದೆ. ಸದ್ದಾಗಲಿಲ್ಲ. ನನ್ನನ್ನು ಮತ್ತೆ ಗೂಡಿನಲ್ಲಿಟ್ಟಳು.

ಕುರಿಯ ಕಥೆ ಹೇಳುವ ಬಗೆ ಈಗ ನಾಲ್ಕಾಗಿವೆ: ರಂಜಾನಬಿಯದು, ಓಣಿಯದು, ಹೊನ್ನೂರಸಾಬ ಅರ್ಧಕ್ಕೆ ನಿಲ್ಲಿಸುತ್ತಿದ್ದದ್ದು, ಅವನು ಅಂದು ಹೇಳಿದ್ದು. ನಾಲ್ಕನೆಯದನ್ನು ಕೇಳಿದವರು ಮೂರು ನಾಲ್ಕು ಮಕ್ಕಳು, ಒಬ್ಬ ಮುದುಕ, ಒಬ್ಬ ಮಗಳು ಮತ್ತು ನಾನು. ಮಕ್ಕಳು ಮನೆಗೆ ಹೋಗಿ ಯಾವುದನ್ನು ಹೇಳುತ್ತವೋ ತಿಳಿಯದು. ಹಿರಿಯರು ನಗುವ ಬಗೆಯೇ ಸಾಮಾನ್ಯವಾಗಿ ಉಳಿಯುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಒಮ್ಮೆ ಸಾಲು ತಪ್ಪಿದ ಎಳೆ ಮತ್ತೆ ಸಾಲಿಗೆ ಬರುವುದಿಲ್ಲ. ಯಾರು ಕಾಯಿಸಿದರೆಂದು ಬೇರೆಯವರಿಗೆ ತಡವಾಗಿ ತಿಳಿದದ್ದರಿಂದ ನನ್ನ ಉದ್ದ ಬೆಳೆಯಲಿಲ್ಲ.

ದಾದಮ್ಮ ಸೆರಗು ಸರಿಸಿ ಮೊಣಕೈಯನ್ನು ನೀರಿಗೆ ಅದ್ದಿದಳು. ಸ್ವಲ್ಪ ಹೊತ್ತು ಹಾಗೆಯೇ ಹಿಡಿದಳು.

“ಸಾಕೈತಿ,” ಎಂದಳು.

ಹೊನ್ನೂರಸಾಬ ಇನ್ನೂ ಹಾಕು ಅನ್ನಲಿಲ್ಲ. ಮಡಚಿದ ಬೆರಳುಗಳ ಕೈಯನ್ನು ಅವಳು ತೋರಿಸಿದ ಕಡೆ ಇಳಿಸಿದ. ನೀರಿನಲ್ಲಿ ಆ ಕೈ ಅಂದಿನ ಹಾಗೆಯೇ ಸುಮ್ಮನಿತ್ತು.